ತಂಗಿಯ ಥೆರಪಿ ಜೊತೆಗೆ ಆಪ್ ಬಳಸಬಹುದಾ?

ತಂಗಿಗೆ ಈಟಿಂಗ್ ಡಿಸಾರ್ಡರ್ (ತಿನ್ನುವ ರೀತಿಯೇ ಏರುಪೇರಾಗುವ ಮಾನಸಿಕ ಕಾಯಿಲೆ) ಇದೆ, ಆಗಾಗ ಸಾಯುವ ಮಾತೂ ಆಡುತ್ತಾಳೆ, ವಾರಕ್ಕೊಮ್ಮೆ ಹೋಗುವ ಥೆರಪಿ ಜೊತೆಗೆ ಊಟ, ಮನಸ್ಥಿತಿ ಬರೆದಿಡುವ ಆಪ್ ಹಾಕಿಕೊಂಡರೆ ಪ್ರಯೋಜನ ಆಗುತ್ತದಾ ಅಂತ ಕೇಳಿದ್ದೀರಿ. ನಾನು ಆಪ್ತಸಮಾಲೋಚಕಿ. ಪ್ರಯೋಜನ ಇದೆ. ಆದರೆ ಅವಳು ಬರೆದದ್ದನ್ನು ಯಾರು, ಯಾವಾಗ ಓದುತ್ತಾರೆ ಅಂತ ಮೊದಲು ವಿಚಾರಿಸಿ.

ಈಟಿಂಗ್ ಡಿಸಾರ್ಡರ್‌ಗೆಂದೇ ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ ಎಂಬ ಚಿಕಿತ್ಸೆ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಥೆರಪಿ) ಇದೆ. ಏನು ತಿಂದೆ, ಎಲ್ಲಿ, ಆಗ ಮನಸ್ಸಿನಲ್ಲಿ ಏನಿತ್ತು ಅಂತ ಆ ಹೊತ್ತಿಗೇ ಬರೆದಿಡುವುದು ಅದರಲ್ಲಿ ಮುಖ್ಯ. ರಾತ್ರಿ ಕೂತು ಬರೆದರೆ ಅರ್ಧ ಮರೆತಿರುತ್ತದೆ, ಇನ್ನರ್ಧ ಬರೆಯಲು ನಾಚಿಕೆ. ಕಾಲೇಜ್ ಕ್ಯಾಂಟೀನಿನಲ್ಲಿ ಹಾಳೆ ತೆಗೆದು ಬರೆಯೋಕೂ ಆಗಲ್ಲ, ಅಲ್ವಾ? ಫೋನ್ ಒತ್ತುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ರಿಕವರಿ ರೆಕಾರ್ಡ್‌ನಂಥ ಆಪ್‌ನಲ್ಲಿ ಬರೆದದ್ದನ್ನು ಥೆರಪಿಸ್ಟ್ ಕೂಡ ನೋಡಬಹುದು. ಆಗ ಮುಂದಿನ ಭೇಟಿಯಲ್ಲಿ ಮಾತು ನೇರವಾಗಿ ಮಂಗಳವಾರ ಮಧ್ಯಾಹ್ನದ ಊಟದಿಂದಲೇ ಶುರುವಾಗುತ್ತದೆ. (ನೀವು ಮಾತ್ರ ಕದ್ದು ಓದಬೇಡಿ. ಗೊತ್ತಾದ ದಿನವೇ ಅವಳು ಬರೆಯುವುದು ನಿಲ್ಲಿಸುತ್ತಾಳೆ.)

ಕ್ಯಾಲೊರಿ ಎಣಿಸುವ ಡಯಟ್ ಆಪ್ ಬೇಡವೇ ಬೇಡ. ಚಾಟ್‌ಬಾಟ್ ಒಂದನ್ನೇ ನೆಚ್ಚಿಕೊಳ್ಳುವುದೂ ಬೇಡ. ಅಮೆರಿಕದ ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ 2023ರಲ್ಲಿ ತನ್ನ ಟೆಸ್ಸಾ ಚಾಟ್‌ಬಾಟನ್ನು ನಿಲ್ಲಿಸಬೇಕಾಯಿತು. ಇದೇ ತೊಂದರೆಯವರಿಗೆಂದು ಇಟ್ಟಿದ್ದ ಅದು ತೂಕ ಇಳಿಸುವ ಸಲಹೆ ಕೊಟ್ಟಿತ್ತು!

ಸಾಯುವ ಮಾತನ್ನು ಸುಮ್ನೆ ಹೇಳ್ತಾಳೆ ಅಂತ ಬಿಡಬೇಡಿ. ಥೆರಪಿಸ್ಟ್‌ಗೆ ಗೊತ್ತಿಲ್ಲದಿದ್ದರೆ ಅವಳಿಗೆ ಹೇಳಿಯೇ ಇವತ್ತು ತಿಳಿಸಿ. ಅವರು ಅವಳ ಜೊತೆ ಕೂತು ಸೇಫ್ಟಿ ಪ್ಲಾನ್ ಬರೆಸಬಹುದು. ಯಾವ ಸೂಚನೆ ಕಂಡರೆ ಎಚ್ಚರವಾಗಬೇಕು, ಆಗ ತಾನೇ ಏನು ಮಾಡಬಹುದು, ಯಾರಿಗೆ ಫೋನ್ ಮಾಡಬೇಕು, ಅಪಾಯದ ವಸ್ತುಗಳನ್ನು ಮನೆಯವರು ಹೇಗೆ ದೂರ ಇಡಬೇಕು, ಎಲ್ಲ ಅದರಲ್ಲಿರುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಪ್ಲಾನ್ ಮಾಡಿಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದರು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಂಥವರಲ್ಲಿ ಮುಂದಿನ 6 ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಉಳಿದವರಿಗಿಂತ ಸುಮಾರು 45% ಕಡಿಮೆ ಇತ್ತು. ಬರೀ ಕಾಗದ ಕೊಟ್ಟು ಕಳಿಸಿರಲಿಲ್ಲ ಅನ್ನುವುದನ್ನು ಗಮನಿಸಿ. ಪ್ಲಾನ್ ಅವಳ ಫೋನ್‌ನಲ್ಲೇ ಇರಲಿ, ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.

ರಾತ್ರಿ ಎರಡಕ್ಕೆ ಆಪ್‌ನಲ್ಲಿ ಬರೆದದ್ದನ್ನು ಥೆರಪಿಸ್ಟ್ ಬೆಳಗ್ಗೆಯವರೆಗೆ ನೋಡದಿರಬಹುದು. ಅಂಥ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವೂ ಕರೆ ಮಾಡಬಹುದು. ಈಗಲೇ ಅಪಾಯ ಅನ್ನಿಸಿದರೆ ಅವಳನ್ನು ಒಬ್ಬಳೇ ಬಿಡದೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.