ಗಿಡ ಅದೇ, ಮನೆತನ ಯಾಕೆ ಬದಲಾಯಿತು?

ಹೂಬಿಡುವ ಗಿಡಗಳ ಕುಟುಂಬಗಳನ್ನು ಸಸ್ಯವಿಜ್ಞಾನಿಗಳು ಯಾಕೆ ಮತ್ತೆ ಮತ್ತೆ ಬದಲಾಯಿಸುತ್ತಾರೆ ಅಂತ ಬಹಳ ಜನ ಕೇಳಿದ್ದೀರಿ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು. ಎರಡೂ ನನಗೆ ಅರ್ಥವಾಗುತ್ತದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಈರುಳ್ಳಿ ಲಿಲಿಯೇಸಿ ಕುಟುಂಬದ್ದು ಅಂತ ಬರೆದು ನಾನು ಮಾರ್ಕ್ಸ್ ತಗೊಂಡವಳು. ಈಗ ಮಗಳ ಪುಸ್ತಕದಲ್ಲಿ ಅಮರಿಲ್ಲಿಡೇಸಿ ಅಂತಿದೆ, ಇನ್ನೊಂದರಲ್ಲಿ ಆಲಿಯೇಸಿ ಅಂತಿದೆ. ಯಾವುದು ಸರಿ?

ಉತ್ತರ: ಈಗಿನ ಲೆಕ್ಕಕ್ಕೆ ಅಮರಿಲ್ಲಿಡೇಸಿ. ನೀವು ಬರೆದದ್ದು ಆ ಕಾಲಕ್ಕೆ ತಪ್ಪಾಗಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹಳೆಯ ಲಿಲಿಯೇಸಿ ದೊಡ್ಡ ಗೋಣಿಚೀಲದ ಹಾಗಿತ್ತು. ಆರು ಎಸಳು, ಆರು ಕೇಸರ, ಎಸಳು ಹುಟ್ಟುವ ಜಾಗದ ಮೇಲೆ ಕೂತ ಮೂರು ಕೋಣೆಯ ಅಂಡಾಶಯ, ಇಷ್ಟು ಕಂಡರೆ ಗಿಡ ಆ ಚೀಲಕ್ಕೆ ಹೋಗುತ್ತಿತ್ತು. ಈರುಳ್ಳಿ, ಲೋಳೆಸರ, ಶತಾವರಿ, ಗೌರಿಹೂ, ಟ್ಯೂಲಿಪ್ ಎಲ್ಲ ಅದರೊಳಗೇ. ತೊಂದರೆ ಏನಂದರೆ ಈ ಲಕ್ಷಣಗಳು ಏಕದಳ ಸಸ್ಯಗಳಿಗೆ ಬಹಳ ಹಿಂದಿನ ಪೂರ್ವಜರಿಂದಲೇ ಬಂದಂಥವು. ಮುತ್ತಜ್ಜಿಯ ಮೂಗು ಎಷ್ಟೋ ದೂರದ ನೆಂಟರಲ್ಲೂ ಕಾಣಿಸಬಹುದು. ಅದೊಂದನ್ನೇ ಹಿಡಿದು ಇವರಿಬ್ಬರು ಅಣ್ಣತಮ್ಮ ಅಂತ ಹೇಳೋಕಾಗಲ್ಲ, ಅಲ್ವಾ?

ಈರುಳ್ಳಿ ಹೂಬಿಡುವುದನ್ನು ಒಮ್ಮೆ ಗಮನಿಸಿ. ಎಲೆಯೇ ಇಲ್ಲದ ದಂಟು ನೆಟ್ಟಗೆ ಮೇಲೇಳುತ್ತದೆ. ತುದಿಯಲ್ಲಿ ಕಾಗದದಂಥ ತೆಳು ಪೊರೆ ಸುತ್ತಿಕೊಂಡ ಮೊಗ್ಗಿನ ಗಂಟು. ಪೊರೆ ಹರಿದಾಗ ಒಂದೇ ಬಿಂದುವಿನಿಂದ ಹೊರಟ ತೊಟ್ಟುಗಳ ಮೇಲೆ ಹೂಗಳು ಚೆಂಡಿನ ಹಾಗೆ ಬಿಚ್ಚಿಕೊಳ್ಳುತ್ತವೆ. ಅಮರಿಲ್ಲಿಸ್ ಗುಂಪಿನ ಹೂದಂಟೂ ಹೀಗೇ. ಇದನ್ನು ನೋಡಿಯೇ ಜಾನ್ ಹಚಿನ್ಸನ್ 1934ರಲ್ಲಿ ಈರುಳ್ಳಿಯನ್ನು ಅಮರಿಲ್ಲಿಡೇಸಿಗೆ ಸೇರಿಸಿದರು. ಆದರೆ ಅಮರಿಲ್ಲಿಸ್‌ನಲ್ಲಿ ಅಂಡಾಶಯ ಎಸಳಿನ ಕೆಳಗಿದೆ, ಈರುಳ್ಳಿಯಲ್ಲಿ ಮೇಲಿದೆ. ಅದಕ್ಕೇ ಎಲ್ಲರೂ ಒಪ್ಪಲಿಲ್ಲ. ಈರುಳ್ಳಿ ಗುಂಪು ಬೇರೆಯೇ ಇರಲಿ ಅಂದವರು ಅದಕ್ಕೆ ಆಲಿಯೇಸಿ ಅಂದರು. ಕೊನೆಗೆ ಡಿಎನ್‌ಎ ಹೋಲಿಸಿದಾಗ ಇವೆರಡು ಹತ್ತಿರದ ನೆಂಟರು ಅಂತ ಖಾತ್ರಿಯಾಯಿತು, 2009ರಲ್ಲಿ ಎರಡನ್ನೂ ಒಂದೇ ಕುಟುಂಬದಲ್ಲಿಟ್ಟರು. ಹಚಿನ್ಸನ್ ಬರಿಗಣ್ಣಿಗೆ ಲೆನ್ಸ್ ಹಿಡಿದು ಕಂಡದ್ದು ಇದನ್ನೇ. ನನಗೆ ಅವರ ಮೇಲೆ ತುಂಬ ಗೌರವ.

ಶತಾವರಿ ಆಸ್ಪರಾಗೇಸಿಗೆ ಹೋಯಿತು, ಲೋಳೆಸರ ಆಸ್ಫೋಡಿಲೇಸಿಗೆ, ಗೌರಿಹೂ ಕೊಲ್ಚಿಕೇಸಿಗೆ. ಟ್ಯೂಲಿಪ್ ಮತ್ತು ನಿಜವಾದ ಲಿಲ್ಲಿಗಳು ಲಿಲಿಯೇಸಿಯಲ್ಲೇ ಉಳಿದವು.

ಪ್ರಶ್ನೆ: ಈರುಳ್ಳಿಯ ಕುಟುಂಬ ಬದಲಾದರೆ ವೈಜ್ಞಾನಿಕ ಹೆಸರೂ ಬದಲಾಗುತ್ತದೆಯೇ?

ಉತ್ತರ: ಇಲ್ಲ. ಎರಡು ಪದಗಳ ಆ ಹೆಸರಿನಲ್ಲಿ ಕುಲ ಮತ್ತು ಪ್ರಭೇದ ಮಾತ್ರ ಇರುತ್ತವೆ. ಲಿನೇಯಸ್ 1753ರಲ್ಲಿ ಆಲಿಯಂ ಸೀಪಾ ಅಂತ ಇಟ್ಟ ಹೆಸರು ಇಂದಿಗೂ ಹಾಗೇ ಇದೆ.

ಪ್ರಶ್ನೆ: ತಾವರೆ, ನೈದಿಲೆ ಎರಡೂ ನೀರಿನಲ್ಲಿ ಬೆಳೆಯುತ್ತವೆ, ನೋಡೋಕೆ ಒಂದೇ ಥರ. ಅವಕ್ಕೆ ಹತ್ತಿರದ ಸಂಬಂಧವೇ ಇಲ್ಲ ಅಂತ ಓದಿದೆ. ನಂಬೋದು ಹೇಗೆ?

ಉತ್ತರ: ನಂಬೋದು ಕಷ್ಟ, ನಿಜ. ಬೆಂಥಮ್ ಮತ್ತು ಹೂಕರ್ ಅವರಂಥ ದೊಡ್ಡ ಸಸ್ಯವಿಜ್ಞಾನಿಗಳೇ ಎರಡನ್ನೂ ನಿಂಫಿಯೇಸಿ ಅನ್ನುವ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ಆದರೆ ಹತ್ತಿರ ಹೋಗಿ ನೋಡಿ.

ನೈದಿಲೆಯ ಎಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳು ಇರುತ್ತದೆ, ಎಲೆ ನೀರಿನ ಮೇಲೆ ಮಲಗಿರುತ್ತದೆ. ತಾವರೆಯ ಎಲೆಗೆ ಸೀಳಿಲ್ಲ. ಪೂರ್ತಿ ದುಂಡು, ತೊಟ್ಟು ನಡುಮಧ್ಯಕ್ಕೆ ಸೇರುತ್ತದೆ, ಬೆಳೆದ ಎಲೆ ನೀರು ಬಿಟ್ಟು ಮೇಲೆ ಎದ್ದು ನಿಲ್ಲುತ್ತದೆ. ತಾವರೆ ಹೂವಿನ ನಡುವೆ, ಮೇಲ್ಭಾಗ ಚಪ್ಪಟೆಯಾದ ಒಂದು ಹಳದಿ ದಿಂಡು ಇದೆ. ಅದರಲ್ಲಿ ಗುಳಿಗಳು, ಒಂದೊಂದು ಗುಳಿಯಲ್ಲಿ ಒಂದೊಂದೇ ಕಾಯಿ. ನೈದಿಲೆಯಲ್ಲಿ ಇಂಥದ್ದೇನೂ ಇಲ್ಲ, ಅದರ ಕಾಯಿ ನೀರೊಳಗೆ ಮುಳುಗಿ ಮಾಗುತ್ತದೆ.

ಇನ್ನೂ ಗಟ್ಟಿ ಸಾಕ್ಷಿ ಪರಾಗದಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ತಾವರೆಯ ಪರಾಗದ ಕಣ ನೋಡಿದರೆ ಮೂರು ಗೀರು ಕಾಣುತ್ತವೆ. ನೈದಿಲೆಯದಕ್ಕೆ ಮೂರಿಲ್ಲ. ಈ ಮೂರು ಗೀರು ಸಣ್ಣ ವಿಷಯ ಅಂತ ಅನ್ನಿಸಬಹುದು, ಆದರೆ ಹೂಗಿಡಗಳಲ್ಲಿ ಒಂದು ಭಾರಿ ದೊಡ್ಡ ಕವಲಿಗೆ, ಅಂದರೆ ಮಾವು, ಗುಲಾಬಿ, ಸೂರ್ಯಕಾಂತಿ, ಅವರೆ ಎಲ್ಲ ಸೇರಿದ ಕವಲಿಗೆ, ಅದೇ ಗುರುತು. ತಾವರೆ ಆ ಕಡೆಯದು. ನೈದಿಲೆಯ ಪೂರ್ವಜರು ಆ ಕವಲು ಹುಟ್ಟುವ ಮೊದಲೇ, ಹೂಗಿಡಗಳ ವಂಶವೃಕ್ಷದ ಬುಡದ ಹತ್ತಿರವೇ ಬೇರೆಯಾದವರು.

ಹಾಗಾದರೆ ತಾವರೆಗೆ ಹತ್ತಿರದವರು ಯಾರು? ಡಿಎನ್‌ಎ ಹೇಳಿದ್ದು ಕೇಳಿ ಎಲ್ಲರೂ ದಂಗಾದರು: ಚಿನಾರ್ ಮರ, ಮಕಡೇಮಿಯಾ, ಸಿಲ್ವರ್ ಓಕ್! ಎಲ್ಲ ಮರಗಳೇ. ಈಗ ತಾವರೆಗೆ ನೆಲಂಬೊನೇಸಿ ಅಂತ ಸ್ವಂತ ಕುಟುಂಬವಿದೆ, ಆ ಮರಗಳ ಜೊತೆ ಅದು ಪ್ರೋಟಿಯೇಲ್ಸ್ ಗಣದಲ್ಲಿ, ಅಂದರೆ ಕುಟುಂಬಗಳ ಗುಂಪಿನಲ್ಲಿ, ಇದೆ. ಹತ್ತಿರ ಅಂದರೂ ಇವು ಕವಲೊಡೆದು ಹತ್ತು ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ನಡುವಿನ ನೆಂಟರೆಲ್ಲ ಅಳಿದುಹೋದರು. ತಾವರೆ ನೀರಿಗಿಳಿದು ನೈದಿಲೆಯ ಹಾಗೆ ಕಾಣತೊಡಗಿತು, ಯಾಕಂದರೆ ನೀರಿನಲ್ಲಿ ಬದುಕಬೇಕಾದರೆ ಅಂಥ ಎಲೆ, ಅಂಥ ಗಾಳಿಕೊಳವೆ ಬೇಕು. ನನಗೆ ಈ ಇಡೀ ಶಾಸ್ತ್ರದಲ್ಲಿ ಅತಿ ಇಷ್ಟವಾದ ಕಥೆ ಇದು.

ಪ್ರಶ್ನೆ: ಎಕ್ಕದ ಕುಟುಂಬವನ್ನೇ ತೆಗೆದುಹಾಕಿದ್ದಾರಂತೆ. ಅಷ್ಟು ಚೆನ್ನಾಗಿ ಗುರುತು ಸಿಗುವ ಗುಂಪನ್ನು ಯಾಕೆ ಅಳಿಸಬೇಕು?

ಉತ್ತರ: ಗುಂಪನ್ನು ಅಳಿಸಿಲ್ಲ, ಅದರ ದರ್ಜೆ ಬದಲಾಯಿತು ಅಷ್ಟೇ. ಗುರುತು ಚೆನ್ನಾಗಿ ಸಿಗುತ್ತದೆ ಅನ್ನುವುದು ಮಾತ್ರ ನೂರಕ್ಕೆ ನೂರು ನಿಜ. ಎಕ್ಕದ ಹೂವಿನ ನಡುವೆ ಐದು ಮೂಲೆಯ ಒಂದು ಪುಟ್ಟ ಮಣೆಯಂಥದ್ದು ಇದೆ. ಮೂಲೆಗೊಂದು ಕಪ್ಪು ಚುಕ್ಕೆ. ಸೂಜಿಯ ಮೊನೆಯನ್ನು ಚುಕ್ಕೆಗೆ ಸಿಕ್ಕಿಸಿ ಮೆಲ್ಲಗೆ ಎತ್ತಿ, ಎರಡು ಹಳದಿ ಚೀಲಗಳು ಜೋಡಿಯಾಗಿ ತೂಗುತ್ತಾ ಹೊರಬರುತ್ತವೆ. ಪರಾಗ ಪೂರ್ತಿ ಅದರಲ್ಲೇ. ದುಂಬಿಯ ಕಾಲಿಗೆ ಸಿಕ್ಕಿಕೊಂಡು ಹೋಗುವುದೂ ಹೀಗೇ. (ಎಕ್ಕದ ಹಾಲು ಕಣ್ಣಿಗೆ ತಾಗದ ಹಾಗೆ ಜೋಪಾನ.) ಇದನ್ನೆಲ್ಲ ನೋಡಿಯೇ ರಾಬರ್ಟ್ ಬ್ರೌನ್ 19ನೇ ಶತಮಾನದ ಆರಂಭದಲ್ಲಿ ಈ ಗಿಡಗಳನ್ನು ಕಣಗಿಲೆಯ ಗುಂಪಿನಿಂದ ಬೇರೆ ಮಾಡಿದ್ದು.

ಆದರೆ ಈಗ ಕುಟುಂಬ ಅನ್ನಿಸಿಕೊಳ್ಳಲು ಒಂದು ನಿಯಮ ಇದೆ: ಒಬ್ಬ ಪೂರ್ವಜೆ, ಅವಳ ಎಲ್ಲ ಸಂತಾನ, ಯಾರನ್ನೂ ಬಿಡುವಂತಿಲ್ಲ. ಎಕ್ಕದ ಗುಂಪು ಕಣಗಿಲೆ ಕುಟುಂಬದ ಒಳಗಿನಿಂದಲೇ ಹುಟ್ಟಿದ್ದು. ಕಣಗಿಲೆ ಕಡೆಯ ಕೆಲವು ಗಿಡಗಳು ಉಳಿದ ಕಣಗಿಲೆಗಳಿಗಿಂತ ಎಕ್ಕಕ್ಕೇ ಹತ್ತಿರ. ಒಬ್ಬ ಮಗಳು ಬಹಳ ಬೇರೆ ಥರ ಬೆಳೆದಳು ಅಂತ ಅವಳ ಮಕ್ಕಳನ್ನು ವಂಶವೃಕ್ಷದಿಂದ ಹೊರಗಿಟ್ಟರೆ ಆ ವೃಕ್ಷ ಸುಳ್ಳಾಗುತ್ತದೆ. ಹಾಗಾಗಿ ಎಕ್ಕ ಈಗ ಕಣಗಿಲೆಯ ಅಪೋಸೈನೇಸಿಯ ಒಳಗೆ ಒಂದು ಉಪಕುಟುಂಬದಲ್ಲಿದೆ. ಬೂರುಗ ದಾಸವಾಳದ ಮಾಲ್ವೇಸಿಗೆ ಸೇರಿದ್ದೂ, ಪಾಲಕ್ ಹರಿವೆಯ ಅಮರಾಂತೇಸಿಗೆ ಸೇರಿದ್ದೂ ಹೆಚ್ಚುಕಡಿಮೆ ಇಂಥದ್ದೇ ಕಾರಣಕ್ಕೆ.

ಪ್ರಶ್ನೆ: ತೇಗ ಎಲ್ಲಿ, ತುಳಸಿ ಎಲ್ಲಿ! ಒಂದು ಅಷ್ಟೆತ್ತರದ ಮರ, ಇನ್ನೊಂದು ಮೊಣಕಾಲುದ್ದದ ಗಿಡ. ಎರಡೂ ಲ್ಯಾಮಿಯೇಸಿ ಹೇಗಾದವು?

ಉತ್ತರ: ಎತ್ತರ ನೋಡಬೇಡಿ. ಮರವಾಗುವುದು ಗಿಡವಾಗುವುದು ಹೂಗಿಡಗಳಲ್ಲಿ ಎಷ್ಟೋ ಸಲ ಬದಲಾಗಿದೆ.

ತೇಗದ ಎಳೆ ಕೊಂಬೆಯನ್ನು ಬೆರಳುಗಳ ನಡುವೆ ಉರುಳಿಸಿ, ನಾಲ್ಕು ಮೂಲೆ ಸಿಗುತ್ತವೆ. ತುಳಸಿಯ ಎಳೆ ದಂಟೂ ಚೌಕವೇ. ಎರಡರಲ್ಲೂ ಎಲೆಗಳು ಎದುರುಬದುರು. ಆದರೆ ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ, ಲಂಟಾನದ ದಂಟೂ ಚೌಕವೇ, ಅದು ಮಾತ್ರ ಇವತ್ತಿಗೂ ವರ್ಬಿನೇಸಿಯಲ್ಲಿದೆ. ತೇಗವೂ ಮೊದಲು ಅಲ್ಲೇ ಇತ್ತು. ಆಗಿನವರು ಗೆರೆ ಎಳೆದದ್ದು ಹೂವಿನ ಅಂಡಾಶಯ ನೋಡಿ. ತುಳಸಿಯಲ್ಲಿ ಅಂಡಾಶಯ ನಾಲ್ಕು ಭಾಗವಾಗಿ ಶಲಾಕೆಯ ದಂಡ (ತುದಿಯಲ್ಲಿ ಪರಾಗ ಹಿಡಿಯುವ ಕಡ್ಡಿ) ಅವುಗಳ ನಡುವೆ ಬುಡದಿಂದ ಏಳುತ್ತದೆ. ತೇಗದಲ್ಲಿ ದಂಡ ಅಂಡಾಶಯದ ನೆತ್ತಿಯ ಮೇಲಿಂದ ಏಳುತ್ತದೆ, ಲಂಟಾನದ ಹಾಗೆ.

ಆ ಗೆರೆ ತಪ್ಪು ಜಾಗದಲ್ಲಿ ಬಿದ್ದಿತ್ತು. ನೋಡಬೇಕಾದದ್ದು ಹೂಗೊಂಚಲನ್ನು. ಲಂಟಾನದಲ್ಲಿ ಹೊರಗಿನ ಹೂ ಮೊದಲು ಅರಳುತ್ತದೆ, ನಡುವಿನ ಮೊಗ್ಗುಗಳು ಕೊನೆಗೆ. ತೇಗದ ಗೊಂಚಲಿನ ಪ್ರತಿ ಕವಲಿನಲ್ಲೂ ತುದಿಯ ಹೂ ಮೊದಲು ಅರಳಿ, ಅದರ ಕೆಳಗಿನಿಂದ ಅಕ್ಕಪಕ್ಕ ಹೊಸ ಕವಲು ಬರುತ್ತವೆ. ತುಳಸಿಯಲ್ಲೂ ಒಳಗೆ ಇದೇ ರಚನೆ, ತುಂಬ ಒತ್ತಾಗಿರುವುದರಿಂದ ಒಂದು ಸುತ್ತಿನ ಹಾಗೆ ಕಾಣುತ್ತದೆ ಅಷ್ಟೆ. 1990ರ ದಶಕದಿಂದ ತೇಗ, ಲಕ್ಕಿ, ಶಿವನೆ ಇವೆಲ್ಲ ತುಳಸಿಯ ಮನೆಗೆ ಬಂದವು.

ಪ್ರಶ್ನೆ: ಇದನ್ನೆಲ್ಲ ಯಾರು ತೀರ್ಮಾನ ಮಾಡುತ್ತಾರೆ? ಓಟು ಹಾಕುತ್ತಾರಾ?

ಉತ್ತರ: ಹೆಸರಿನ ನಿಯಮಗಳಿಗೆ ಓಟು ಇದೆ, ನೆಂಟಸ್ತಿಕೆಗೆ ಇಲ್ಲ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ.

ಒಂದು ಕಾಲಕ್ಕೆ ಒಬ್ಬೊಬ್ಬ ಪಂಡಿತರದು ಒಂದೊಂದು ಪದ್ಧತಿ. ಲಿನೇಯಸ್ ಮುಖ್ಯವಾಗಿ ಕೇಸರಗಳನ್ನು ಎಣಿಸಿದರು. 1789ರಲ್ಲಿ ಜುಸ್ಸಿಯೂ ಹಲವು ಲಕ್ಷಣಗಳನ್ನು ಒಟ್ಟಿಗೆ ನೋಡಿ ಕುಟುಂಬ ಕಟ್ಟಿದರು. ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಕೂತು ತಮ್ಮ ಪದ್ಧತಿ ಮುಗಿಸಿದರು. ಆಮೇಲೂ ಹಲವರು ಬಂದರು. ಇವರದ್ದೆಲ್ಲ ಅಪಾರ ಶ್ರಮ, ಇಂದಿಗೂ ಗಿಡ ಗುರುತಿಸಲು ನಾವು ಬಳಸುವುದು ಅವರು ಬರೆದಿಟ್ಟ ವಿವರಗಳನ್ನೇ.

1993ರಲ್ಲಿ ಮಾರ್ಕ್ ಚೇಸ್ ಮತ್ತು ಜೊತೆಗಾರರು, ಒಟ್ಟು 42 ಮಂದಿ, ಸುಮಾರು 500 ಸಸ್ಯಗಳಲ್ಲಿ ಕ್ಲೋರೋಪ್ಲಾಸ್ಟಿನ ಒಂದೇ ಜೀನನ್ನು ಓದಿ ಹೋಲಿಸಿದರು. ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೋ ಕಿಣ್ವದ ಜೀನ್ ಅದು, ಉದ್ದ ಸುಮಾರು 1,400 ಅಕ್ಷರ. ಅಲ್ಲಿಂದ ಶುರು. 1998ರಲ್ಲಿ ಎಪಿಜಿ ಅನ್ನುವ ಗುಂಪು, ಅಂದರೆ ಹೂಗಿಡಗಳ ವಂಶಾವಳಿ ಕಟ್ಟುವವರ ಬಳಗ, ಮೊದಲ ಪಟ್ಟಿ ತಂದಿತು. ಅದರಲ್ಲಿ 462 ಕುಟುಂಬಗಳಿದ್ದವು. ಮತ್ತೆ 2003, 2009, 2016ರಲ್ಲಿ ಪರಿಷ್ಕರಣೆ. 2016ರದ್ದರಲ್ಲಿ ಇರುವುದು 416 ಕುಟುಂಬ, 64 ಗಣ. ಇದನ್ನು ಯಾರೂ ಕಡ್ಡಾಯ ಮಾಡಿಲ್ಲ. ಸಾಕ್ಷಿ ಬಲವಾಗಿದೆ ಅಂತ ಜನ ಒಪ್ಪಿಕೊಂಡಿದ್ದಾರೆ.

ಓಟಿನ ವಿಷಯಕ್ಕೆ ಕರಿಜಾಲಿಯೇ ಉದಾಹರಣೆ. ಅದನ್ನು ಅಕೇಸಿಯಾ ಅಂತ ಕರೆಯುತ್ತಿದ್ದೆವು. ಹಳೆಯ ಅಕೇಸಿಯಾ ಒಂದೇ ವಂಶ ಅಲ್ಲ, ಬೇರೆ ಬೇರೆ ಕವಲು ಅಂತ ತಿಳಿದಾಗ ಆ ಹೆಸರು ಯಾರಿಗೆ ಉಳಿಯಬೇಕು ಅನ್ನುವ ಜಗಳ ಬಂತು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಓಟು ಹಾಕಿದರು. ಹೆಸರು ಸುಮಾರು ಸಾವಿರ ಪ್ರಭೇದಗಳಿರುವ ಆಸ್ಟ್ರೇಲಿಯಾದ ಗುಂಪಿಗೆ ಹೋಯಿತು. ಕರಿಜಾಲಿ ಈಗ ವಾಚೆಲಿಯಾ ನಿಲೋಟಿಕಾ. ಅಕೇಸಿಯಾ ಅನ್ನುವ ಹೆಸರು ಮೂಲತಃ ಬಂದದ್ದೇ ಅದರ ಗುಂಪಿನಿಂದ, ಹಾಗಾಗಿ ಆ ತೀರ್ಮಾನ ನನಗೆ ಇವತ್ತಿಗೂ ಬೇಸರವೇ. ಆದರೆ ಕವಲುಗಳು ಬೇರೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಪ್ರಶ್ನೆ: ಡಿಎನ್‌ಎ ಹೇಳಿದ್ದೆಲ್ಲ ನಿಜವೇ? ಅದೂ ತಪ್ಪುದಾರಿ ಹಿಡಿಸುವುದಿಲ್ಲವೇ?

ಉತ್ತರ: ಹಿಡಿಸುತ್ತದೆ. ರಫ್ಲೇಶಿಯಾ ನೋಡಿ. ಒಂದು ಮೀಟರಿನಷ್ಟು ಅಗಲದ ಹೂ, ಆದರೆ ಎಲೆ ಇಲ್ಲ, ಕಾಂಡ ಇಲ್ಲ, ಬೇರಿಲ್ಲ. ದ್ರಾಕ್ಷಿ ಕುಟುಂಬದ ಒಂದು ಬಳ್ಳಿಯ ಒಳಗೆ ಎಳೆಗಳಾಗಿ ಹರಡಿ ಅದರ ಸಾರ ಹೀರಿ ಬದುಕುತ್ತದೆ. ಒಂದು ಜೀನ್ ನೋಡಿದರೆ ಅದು ಹರಳು ಗಿಡದ ಕಡೆಯದು ಅನ್ನಿಸಿತು, ಇನ್ನೊಂದು ನೋಡಿದರೆ ದ್ರಾಕ್ಷಿಯ ಕಡೆಯದು. ಆ ಇನ್ನೊಂದು ಜೀನು ಆಶ್ರಯ ಕೊಟ್ಟ ಬಳ್ಳಿಯಿಂದಲೇ ದಾಟಿ ಬಂದಿತ್ತು! ಅದಕ್ಕೇ ಈಗ ಒಂದು ಜೀನಿನ ಮಾತು ನಂಬಿ ಯಾರೂ ಕುಟುಂಬ ಕಟ್ಟುವುದಿಲ್ಲ, ಹಲವು ಜೀನುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. 2007ರಲ್ಲಿ ಹಾಗೆ ನೋಡಿದಾಗ ರಫ್ಲೇಶಿಯಾ ಹುಟ್ಟಿದ್ದು ಹರಳಿನ ಯುಫೋರ್ಬಿಯೇಸಿ ಕುಟುಂಬದ ಒಳಗಿನಿಂದ ಅಂತ ಗೊತ್ತಾಯಿತು. ಸಣ್ಣ ಸಣ್ಣ ಹೂಗಳಿಗೇ ಹೆಸರಾದ ಮನೆ ಅದು, ಅಲ್ಲಿ ಜಗತ್ತಿನ ಅತಿ ದೊಡ್ಡ ಹೂ!

ಪ್ರಶ್ನೆ: ಹರ್ಬೇರಿಯಂಗಳಲ್ಲಿ ಒಣಗಿಸಿಟ್ಟ ಹಳೆಯ ಗಿಡಗಳ ಗತಿ ಏನು? ಚೀಟಿ ಕಿತ್ತು ಹೊಸದು ಅಂಟಿಸುತ್ತಾರಾ?

ಉತ್ತರ: ಕೀಳುವುದಿಲ್ಲ. ಕುಟುಂಬ ಮಾತ್ರ ಬದಲಾದರೆ ಆ ಕಡತಗಳನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ. ಗಿಡದ ಹೆಸರೇ ಬದಲಾದರೆ ಹಾಳೆಯ ಖಾಲಿ ಜಾಗದಲ್ಲಿ ಹೊಸ ಚೀಟಿ ಅಂಟಿಸಿ, ನೋಡಿದವರ ಹೆಸರು ಮತ್ತು ವರ್ಷ ಬರೆಯುತ್ತಾರೆ. ಹಳೆಯ ಚೀಟಿ ಇದ್ದಲ್ಲೇ ಇರುತ್ತದೆ. ಕೆಲವು ಹಾಳೆಗಳಲ್ಲಿ ಮೂರು ನಾಲ್ಕು ಚೀಟಿ, ಒಂದೊಂದೂ ಒಬ್ಬೊಬ್ಬರ ಕೈಬರಹ. ಅವಕಾಶ ಸಿಕ್ಕಿದರೆ ಅಂಥ ಒಂದು ಹಾಳೆಯನ್ನು ಕೇಳಿ ತೆಗೆಸಿ ನೋಡಿ, ಗಿಡ ಕಿತ್ತವರು ಬರೆದ ಮೊದಲ ಚೀಟಿಯಿಂದ ಓದಲು ಶುರುಮಾಡಿ.