ನಮ್ಮ ಕಂಪನಿ ಅಜೈಲ್‌ಗೆ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ ಮುಗಿಸುತ್ತಾ ಹೋಗುವ ಪದ್ಧತಿ) ಹೋಗುತ್ತಿದೆ, ಹಳಬರು ಒಪ್ಪುತ್ತಿಲ್ಲ. ಅವರ ಮನಸ್ಸು ಬದಲಾಯಿಸುವುದು ಹೇಗೆ? ಅದರ ಎರಡು ವಿಧಾನಗಳಲ್ಲಿ ಸ್ಕ್ರಮ್ ಒಳ್ಳೆಯದೋ ಕಾನ್‌ಬಾನೋ?

ಹಳಬರು ಒಪ್ಪುತ್ತಿಲ್ಲ ಅನ್ನುವ ಮಾತನ್ನು ನಾನೂ ಒಮ್ಮೆ ಮೇಲ್‌ನಲ್ಲಿ ಬರೆದಿದ್ದೆ, ಒಬ್ಬ ಸೀನಿಯರ್ ಟೆಸ್ಟರ್ ಬಗ್ಗೆ. ಅವರ ಮ್ಯಾನೇಜರ್‌ಗೇ ಕಳಿಸಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮದು. ಆರು ತಿಂಗಳಿಗೊಂದು ರಿಲೀಸ್. ಮೊದಲು ರಿಕ್ವೈರ್‌ಮೆಂಟ್, ಆಮೇಲೆ ಡಿಸೈನ್, ಕೋಡಿಂಗ್, ಕೊನೆಗೆ ಟೆಸ್ಟಿಂಗ್. ಮೇಲಿನವರು ಅಜೈಲ್ ಅಂದರು, ಎರಡು ದಿನ ಟ್ರೇನಿಂಗ್ ಆಯಿತು. ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದ ನಾನು ಸ್ಕ್ರಮ್ ಮಾಸ್ಟರ್ ಆದೆ, ಅಂದರೆ ಟೀಮ್ ಸ್ಕ್ರಮ್ ಪ್ರಕಾರ ನಡೆಯುವುದಕ್ಕೆ ನೆರವಾಗುವವನು. 15 ನಿಮಿಷದ ಸ್ಟ್ಯಾಂಡಪ್‌ನಲ್ಲಿ (ದಿನಾ ನಿಂತೇ ಮಾಡುವ ಚಿಕ್ಕ ಮೀಟಿಂಗ್) ಎಲ್ಲರೂ ಸಾಲಾಗಿ ನಿಂತು ನನಗೆ ವರದಿ ಒಪ್ಪಿಸುತ್ತಿದ್ದರು. ಅದು ದಿನಾ 40 ನಿಮಿಷ ಎಳೆಯುತ್ತಿತ್ತು, ಬಿಡಿ.

ನಿಜವಾದ ತಪ್ಪು ಬೇರೆ. ಟೆಸ್ಟಿಂಗ್ ನಮ್ಮಲ್ಲಿ ಬೇರೆಯದೇ ವಿಭಾಗ. ಅದರ ಮ್ಯಾನೇಜರ್ ಜೊತೆ ಜಗಳ ಯಾಕೆ ಅಂತ ಒಂದು ಉಪಾಯ ಹೂಡಿದೆ: ಡೆವಲಪರ್‌ಗಳು ಎರಡು ವಾರ (ಇದೇ ಒಂದು ಸ್ಪ್ರಿಂಟ್) ಕೋಡ್ ಬರೆಯುವುದು, ಟೆಸ್ಟರ್‌ಗಳು ಅದನ್ನು ಮುಂದಿನ ಎರಡು ವಾರ ಪರೀಕ್ಷಿಸುವುದು. ಆ ಟೆಸ್ಟರ್ ಮೊದಲ ಮೀಟಿಂಗ್‌ನಲ್ಲೇ ಕೇಳಿದರು, "ಸರ್, ನಾವಿನ್ನೂ ನೋಡೇ ಇಲ್ಲ, ಅದು ಮುಗೀತು ಅಂತ ಹೇಗೆ ಬರ್ಕೊಳ್ತೀರಿ?" ಹಳೇ ಕಾಲದವರು ಅಂದುಕೊಂಡೆ. ಮೇಲ್ ಹೋಗಿದ್ದು ಆ ಸಂಜೆಯೇ.

ಆಮೇಲೆ ಆಗಿದ್ದು ಇಷ್ಟು. ಶುಕ್ರವಾರ 'ಮುಗೀತು' ಅಂತ ಟೀಮ್ ಬೋರ್ಡ್‌ನಲ್ಲಿ ಹಸಿರು ಬಣ್ಣ ಬಳಿದ ಕೆಲಸದಲ್ಲಿ ಹತ್ತು ದಿನ ಬಿಟ್ಟು ಬಗ್ ಸಿಗುತ್ತದೆ. ಅಷ್ಟರಲ್ಲಿ ಡೆವಲಪರ್ ಬೇರೆ ಕೆಲಸದಲ್ಲಿ ಮುಳುಗಿರುತ್ತಾನೆ. ಏನು ಬರೆದಿದ್ದೆ ಅಂತ ಅವನಿಗೇ ನೆನಪಿಲ್ಲ. ನೆನಪಿಸಿಕೊಂಡು ಸರಿಮಾಡುವಷ್ಟರಲ್ಲಿ ಈ ಸ್ಪ್ರಿಂಟ್‌ನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ಕೊನೆ ದಿನ ಅವಸರದಲ್ಲಿ ಮುಗಿಸಿ, ಹೊಸ ಬಗ್‌ಗಳ ಸಮೇತ ಟೆಸ್ಟರ್‌ಗೆ ತಳ್ಳುತ್ತಾನೆ. ಇನ್ನೂ ಕೆಟ್ಟದ್ದೆಂದರೆ, ತಪ್ಪು ಕೋಡ್ ಮೇಲೇ ಇನ್ನಿಬ್ಬರು ಹೊಸ ಕೋಡ್ ಕಟ್ಟಿರುತ್ತಾರೆ. ಐದನೇ ಸ್ಪ್ರಿಂಟ್ ಪೂರ್ತಿ ಬರೀ ಬಗ್ ಸರಿಮಾಡುವುದಕ್ಕೇ ಹೋಯಿತು. ಬೋರ್ಡ್ ಮಾತ್ರ ಹಸಿರೋ ಹಸಿರು. ಹಳೇ ಪದ್ಧತಿಯಲ್ಲಿ ರಿಲೀಸ್ ಮುಂಚಿನ ಟೆಸ್ಟಿಂಗ್ ಆರು ವಾರ ಹಿಡಿಯುತ್ತಿತ್ತು. ಈ ಸಲ ಹನ್ನೊಂದು.

ತಮಾಷೆ ಅಂದರೆ, ವಾಟರ್‌ಫಾಲ್ (ನಮ್ಮ ಹಳೇ ಪದ್ಧತಿಯ ಹೆಸರು) ಅಂತ ಎಲ್ಲರೂ ತೋರಿಸುವ ಆ ಮೆಟ್ಟಿಲು ಚಿತ್ರ ಅಮೆರಿಕದ ಸಾಫ್ಟ್‌ವೇರ್ ತಜ್ಞ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧದ್ದು. ಟೆಸ್ಟಿಂಗ್ ಕೊನೆಗೆ ಬರುವುದರಿಂದ ಹೀಗೇ ಮಾಡಿದರೆ ಅಪಾಯ ಅಂತ ಅವರು ಅಲ್ಲೇ ಹೇಳಿದ್ದಾರೆ. ನಾನು ಅದೇ ಅಪಾಯವನ್ನು ಎರಡೆರಡು ವಾರದ ತುಂಡು ಮಾಡಿ ಹಂಚಿದ್ದೆ, ಅಷ್ಟೇ. 2001ರಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯ 12 ತತ್ವಗಳಲ್ಲೂ ಪ್ರಗತಿಯ ಮುಖ್ಯ ಅಳತೆ ಕೆಲಸ ಮಾಡುವ ಸಾಫ್ಟ್‌ವೇರ್ ಅಂತಲೇ ಇದೆ. ಅದನ್ನು ಟ್ರೇನಿಂಗ್‌ನಲ್ಲಿ ಸ್ಲೈಡ್ ಮೇಲೆ ನೋಡಿದ್ದೆ, ತಲೆಗೆ ಇಳಿದಿರಲಿಲ್ಲ.

ಕೊನೆಗೆ ಆ ಮ್ಯಾನೇಜರ್ ಜೊತೆ ಜಗಳ ಆಡಲೇಬೇಕಾಯಿತು. ಟೆಸ್ಟರ್‌ಗಳು ನಮ್ಮ ಟೀಮ್‌ಗೇ ಬಂದು ಕೂತರು. ಪರೀಕ್ಷೆ ಆಗದ್ದು ಮುಗಿದ ಲೆಕ್ಕಕ್ಕಿಲ್ಲ ಅಂತ ನಿಯಮ ಮಾಡಿದೆವು. ಪ್ರತಿ ಸ್ಪ್ರಿಂಟ್‌ನಲ್ಲಿ ಮುಗಿಯುವ ಕೆಲಸ ಅರ್ಧಕ್ಕಿಳಿಯಿತು, ಮೇಲಿನವರು ಕೆಂಡವಾದರು. ಹಳೆಯ ಫೀಚರ್‌ಗಳ ಪರೀಕ್ಷೆಯನ್ನು ಆಟೋಮೇಟ್ ಮಾಡುವುದಕ್ಕೆ ಎಂಟು ತಿಂಗಳು ಬೇಕಾಯಿತು. ಅದರಲ್ಲಿ ಜಾಸ್ತಿ ಪಾಲು ನಾನು ದೂರು ಬರೆದಿದ್ದ ಅದೇ ಟೆಸ್ಟರ್ ಮಾಡಿದ್ದು.

ಹಾಗಾಗಿ ಮನಸ್ಸು ಬದಲಾಯಿಸುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸ್ಕ್ರಮ್ಮೋ ಕಾನ್‌ಬಾನೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಸದ್ಯಕ್ಕೆ ಯಾವುದಾದರೂ ಆದೀತು. ಬರೆದ ಕೋಡ್ ಬಳಸುವವರ ಕೈ ಸೇರುವ ಮುಂಚೆ ಎಲ್ಲೆಲ್ಲಿ ಸುಮ್ನೆ ಕಾಯುತ್ತಾ ಕೂತಿರುತ್ತದೆ ಅಂತ ಹಳಬರನ್ನು ಕೇಳಿ. ಅವರಷ್ಟು ಚೆನ್ನಾಗಿ ಅದು ಇನ್ಯಾರಿಗೂ ಗೊತ್ತಿರುವುದಿಲ್ಲ. ಅಂದಹಾಗೆ, ಹಳಬರು ಒಪ್ಪುತ್ತಿಲ್ಲ ಅಂದಿರಿ, ಯಾವುದನ್ನು ಅಂತ ಬರೆದೇ ಇಲ್ಲ.