ಮೈಸೂರಲ್ಲಿ ಉಳಿಯೋದು ಗಾಂಧಿ ಸ್ಕ್ವೇರ್ ಹತ್ತಿರವಾ, ರಿಂಗ್ ರೋಡ್ ಕಡೆಯಾ?

ವಯಸ್ಸಾದ ಅಪ್ಪ ಅಮ್ಮನ ಜೊತೆ ಶನಿವಾರ, ಭಾನುವಾರ ಮೈಸೂರಿಗೆ ರೈಲಲ್ಲಿ ಬರುತ್ತಿದ್ದೀರಿ. ಗಾಂಧಿ ಸ್ಕ್ವೇರ್ ಹತ್ತಿರದ ಹಳೇ ಹೋಟೆಲ್ ವಾಸಿಯೋ, ರಿಂಗ್ ರೋಡ್ ಕಡೆಯ ಹೊಸ ಹೋಟೆಲ್ ವಾಸಿಯೋ ಅಂತ ಕೇಳಿದ್ದೀರಿ. ಗಾಂಧಿ ಸ್ಕ್ವೇರೇ ಹಿಡಿಯಿರಿ. ನಾನು ಇಲ್ಲಿಯವನೇ, ಬರುವ ನೆಂಟರಿಗೆ ರೂಮ್ ನೋಡಿಕೊಡುವ ಕೆಲಸ ಯಾವಾಗಲೂ ನನ್ನ ತಲೆಗೇ ಬೀಳುತ್ತದೆ.

ಕಾರಣ ಇಷ್ಟೇ. ಅರಮನೆ, ಮಾರ್ಕೆಟ್ಟಿಗೆ ಹತ್ತಿರದ ಈ ಭಾಗ ಚೆನ್ನಾಗಿರುವುದು ಬೆಳಿಗ್ಗೆ ಬೇಗ, ಆಮೇಲೆ ಸಂಜೆ ಏಳರ ಹೊತ್ತಿಗೆ. ನಡುವೆ ಬರೀ ಬಿಸಿಲು, ಟೂರಿಸ್ಟ್ ಬಸ್ಸು. ಬೆಳಿಗ್ಗೆ ಒಂದಷ್ಟು ನೋಡಿ, ಮಧ್ಯಾಹ್ನ ರೂಮಿಗೆ ಬಂದು ಕಾಲು ಚಾಚಿ, ಸಂಜೆ ಮತ್ತೆ ಹೊರಡಬೇಕು. ವಯಸ್ಸಾದವರಿಗಂತೂ ಇದೇ ಸರಿ. ಊರಂಚಿನ ರಿಂಗ್ ರೋಡಲ್ಲಿ ಉಳಿದರೆ ಎರಡೆರಡು ಸಲ ಓಡಾಡೋದು ಆಗದ ಮಾತು. ಬುಕ್ ಮಾಡುವ ಮೊದಲು ಫೋನ್ ಮಾಡಿ ಎರಡು ವಿಷಯ ಕೇಳಿಕೊಳ್ಳಿ: ಲಿಫ್ಟ್ ಇದೆಯಾ, ರಸ್ತೆ ಕಡೆ ಅಲ್ಲದ ಹಿಂದಿನ ರೂಮ್ ಸಿಗುತ್ತಾ. ಹಾರ್ನ್ ಸದ್ದು ಜಾಸ್ತಿ.

ಗಾಂಧಿ ಸ್ಕ್ವೇರಿನಿಂದ ಅರಮನೆ ಕಡೆ ಹೊರಟರೆ ದೊಡ್ಡ ಗಡಿಯಾರ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರೇ ಕಟ್ಟಿಸಿದ್ದು. ಅಂಕಿಗಳು ಕನ್ನಡದಲ್ಲಿವೆ, ಅಪ್ಪನಿಗೆ ತೋರಿಸಿ. ಪಕ್ಕದ್ದು 1884ರ ರಂಗಾಚಾರ್ಲು ಪುರಭವನ. ಒಳಗೆ ಹೋಗಬೇಕೆಂದೇನಿಲ್ಲ.

ದೇವರಾಜ ಮಾರ್ಕೆಟ್ಟಿಗೆ ಮಾತ್ರ ಬೆಳಿಗ್ಗೆಯೇ ಹೋಗಿ, ಚಿಕ್ಕ ಗಡಿಯಾರದ ಕಡೆಯಿಂದ. ಮಲ್ಲಿಗೆ, ಕನಕಾಂಬರ ಮಾರು ಹಾಕಿ ಅಳೆಯುವ ಹೊತ್ತು ಅದು. ಒಂದು ಸಾಲಲ್ಲಿ ಹೂವು, ಇನ್ನೊಂದರಲ್ಲಿ ಬಾಳೆಹಣ್ಣು, ಆಚೆ ಕುಂಕುಮ, ಅರಿಶಿನದ ಗುಡ್ಡೆ. ರಸಬಾಳೆ ಕಂಡರೆ ಬಿಡಬೇಡಿ, ಆದರೆ ನಂಜನಗೂಡಿಂದೇ ಅಂತ ಹೇಳಿದ ಮಾತ್ರಕ್ಕೆ ನಂಬಲೂಬೇಡಿ. ಕಟ್ಟಡಕ್ಕೆ ನೂರು ವರ್ಷ ದಾಟಿದೆ. 2016ರಲ್ಲಿ ಧನ್ವಂತರಿ ರಸ್ತೆ ಕಡೆಯ ಒಂದು ಭಾಗ ಕುಸಿದೂ ಬಿತ್ತು. ಕೆಡವಿ ಹೊಸದು ಕಟ್ಟಬೇಕಾ, ರಿಪೇರಿ ಮಾಡಬೇಕಾ ಅನ್ನುವ ಜಗಳ ವರ್ಷಗಟ್ಟಲೆ ನಡೆದಿದೆ. ನನ್ನ ಓಟು ರಿಪೇರಿಗೆ, ಯಾರೂ ಕೇಳಿಲ್ಲ ಅಷ್ಟೇ. ಮೈಸೂರು ಪಾಕು ಮಾರ್ಕೆಟ್ಟಿಗೆ ಅಂಟಿಕೊಂಡ ಗುರು ಸ್ವೀಟ್ಸಲ್ಲಿ ತೆಗೆದುಕೊಳ್ಳಿ. ಮೈಸೂರು ಪಾಕನ್ನು ಮೊದಲು ಮಾಡಿದ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನ ವಂಶದವರ ಅಂಗಡಿ ಅದು.

ಅರಮನೆಯ ವಿಷಯದಲ್ಲಿ ಒಂದು ಎಚ್ಚರ. ನಿಮಗೆ ಮೊದಲು ಕಾಣುವುದು ಕೋಟೆ ಆಂಜನೇಯ ದೇವಸ್ಥಾನ ಇರುವ ಉತ್ತರದ ಬಾಗಿಲು. ಟಿಕೆಟ್ ತಗೊಂಡು ಒಳಗೆ ಹೋಗುವುದು ದಕ್ಷಿಣದ ವರಾಹ ಗೇಟಿಂದ. ಕೋಟೆ ಗೋಡೆ ಸುತ್ತಿ ನಡೆಯುವಷ್ಟರಲ್ಲೇ ದೊಡ್ಡವರು ಸುಸ್ತಾಗುತ್ತಾರೆ. ಆಟೊದವರಿಗೆ ‘ವರಾಹ ಗೇಟ್’ ಅಂತಲೇ ಹೇಳಿ. ಬಾಗಿಲು ತೆಗೆಯುವುದು ಹತ್ತು ಗಂಟೆಗೆ, ಆಗಲೇ ಹೋದರೆ ನೂಕುನುಗ್ಗಲು ಕಡಿಮೆ. ಚಪ್ಪಲಿ ಹೊರಗೆ ಬಿಡಬೇಕು. ಮರದ ಹಳೇ ಅರಮನೆ 1897ರಲ್ಲಿ ಮದುವೆ ಸಮಯದಲ್ಲೇ ಸುಟ್ಟುಹೋಯಿತು. ಈಗಿನದು ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, ಮುಗಿದದ್ದು 1912ರಲ್ಲಿ.

ಆ ನಡುವೆ 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಕೊಟ್ಟ ಸಮಾರಂಭ ನಡೆದದ್ದು ಜಗನ್ಮೋಹನ ಅರಮನೆಯಲ್ಲಿ. ಅದು ಕೆ.ಆರ್. ಸರ್ಕಲ್‌ನಿಂದ ಹತ್ತಿರವೇ. ಈಗ ಚಿತ್ರಶಾಲೆ. ರವಿವರ್ಮನ ಚಿತ್ರಗಳ ಜೊತೆಗೆ ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವೂ ಇದೆ. ಬಂದವರಲ್ಲಿ ಅರ್ಧ ಜನ ಇಲ್ಲಿಗೆ ಬರುವುದೇ ಇಲ್ಲ. ನನ್ನ ಕೇಳಿದರೆ ಮೃಗಾಲಯ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಭಾನುವಾರ ಸಂಜೆ ದೊಡ್ಡ ಅರಮನೆಗೆ ಹಾಕುವ ದೀಪ ನೋಡಲು ಏಳಕ್ಕೆ ಮುಂಚೆಯೇ ಹೋಗಿ ನಿಲ್ಲಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವುದನ್ನು ನೋಡಬೇಕು. ಹತ್ತಿದ ಮೇಲೆ ಹೋದರೆ ಆ ಮಜಾ ಇಲ್ಲ. ರಾತ್ರಿಯ ರೈಲಿಗೆ ವಾಪಸ್ ಹೊರಡುವುದಾದರೆ ಇದಕ್ಕೆ ಹೊಂದುವ ರೈಲು ನೋಡಿ ಟಿಕೆಟ್ ಮಾಡಿಸಿ.

ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ ಸ್ಟ್ಯಾಂಡಿಂದ 201 ನಂಬರ್ ಬಸ್ಸಿದೆ, ಶನಿವಾರ ಮುಗಿಸಿಬಿಡಿ. ಫಿಲೋಮಿನಾ ಚರ್ಚ್ ಗಾಂಧಿ ಸ್ಕ್ವೇರಿನಿಂದ ಅಶೋಕ ರಸ್ತೆಯಲ್ಲೇ ಮುಂದೆ, ಆಟೊದಲ್ಲಿ ಸ್ವಲ್ಪ ಹೊತ್ತಿನ ದಾರಿ. ಮೈಲಾರಿ ದೋಸೆಗೆ ನಜರಬಾದಿಗೆ ಹೋಗಬೇಕು, ಕ್ಯೂ ಇರುತ್ತದೆ.

ದಸರಾ ಸಮಯ ಆದರೆ ನಾನು ಹೇಳಿದ್ದೆಲ್ಲ ತಲೆಕೆಳಗು. ಜಂಬೂ ಸವಾರಿ ಹೋಗುವುದೇ ಮಾರ್ಕೆಟ್ಟಿನ ಪಕ್ಕದ ಸಯ್ಯಾಜಿ ರಾವ್ ರಸ್ತೆಯಲ್ಲಿ. ಆಗ ರೂಮಿನ ಬೆಲೆಯೂ ಬೇರೆ, ಆಟೊ ಒಳಗೆ ಬಿಡುವುದೂ ಅನುಮಾನ. ಆ ದಿನಗಳಲ್ಲಿ ರಿಂಗ್ ರೋಡ್ ಕಡೆಯೇ ಇರಿ.